ಮೊದಲ ತಂಬಿಗೆ ನನ್ನ ಮೊಣಕಾಲಿಗೆ

ಹೋದ ಸೋಮವಾರ ನನ್ನ ಮೊಮ್ಮಗಳು ಎದ್ದು ನಿಂತಳು. ಹನ್ನೊಂದು ತಿಂಗಳ ಕೂಸು. ಕೆಳಗೆ ಎರಡು ಹಲ್ಲು, ಮೇಲೆ ಒಂದೂವರೆ, ತಲೆ ತುಂಬ ಕೂದಲು, ಮೂಗು ಮಾತ್ರ ನಮ್ಮ ಮನೆಯದು. ನಿಂತದ್ದು ತನಗೇ ಗೊತ್ತಾಗಿ ಬಾಯಿ ತೆರೆದು ಎಲ್ಲರ ಮುಖವನ್ನೂ ಒಂದು ಸುತ್ತು ನೋಡಿದಳು. ಓಣಿಯಲ್ಲಿ ಸಿಕ್ಕವರಿಗೆಲ್ಲ ಇದನ್ನು ಹೇಳಿ ಮುಗಿಸಿದ್ದೇನೆ, ಬಸ್ಸಿನಲ್ಲಿ ಪಕ್ಕದಲ್ಲಿ ಕುಳಿತ ಗುರುತಿಲ್ಲದ ಹೆಣ್ಣುಮಗಳಿಗೂ ಹೇಳಿದ್ದೇನೆ. ಈಗ ನಿಮಗೆ ಹೇಳುತ್ತಿದ್ದೇನೆ. ನಾಲ್ಕನೇ ಇಯತ್ತೆಗೆ ಶಾಲೆ ಬಿಟ್ಟವಳು ನಾನು. ಸೊಸೆ ಸುಧಾ ನೋಟುಬುಕ್ಕು ತಂದು ಮುಂದಿಟ್ಟು, "ಬರೀರಿ ಅತ್ತೀ, ತಪ್ಪಿದ್ದರ ನಾ ತಿದ್ದತೇನಿ" ಎಂದಳು. ಅದಕ್ಕೆ ಧೈರ್ಯ ಮಾಡಿದೆ.

ಬರೆಯಬೇಕಾದ ಮಾತು ಮಾತ್ರ ಅಷ್ಟು ಸಂತೋಷದ್ದಲ್ಲ. ಮೊಣಕಾಲು ಬದಲಾಯಿಸಿಕೊಳ್ಳಲು ಹೊರಟವರು, ಬದಲಾಯಿಸಿಕೊಂಡು ಮನೆಯಲ್ಲಿ ಕುಳಿತವರು, ಡಾಕ್ಟರರನ್ನು ಕೇಳಲು ಹೆದರಿ ಫೋನಿನಲ್ಲಿ ಕೇಳುವವರು ನಮ್ಮ ಸುತ್ತಮುತ್ತ ಬಹಳ ಇದ್ದಾರೆ. ಅವರು ಓದಲಿ ಎಂದು ಬರೆಯುತ್ತಿದ್ದೇನೆ.

ನಮ್ಮ ಊರು ಅಕ್ಕಿಆಲೂರು. ಯಜಮಾನರಿಗೆ ಭತ್ತದ ಗದ್ದೆ, ಮಗನಿಗೆ ಅಕ್ಕಿ ಗಿರಣಿಯಲ್ಲಿ ಕೆಲಸ. ನನಗೆ ಮನೆಗೆಲಸದ ಜೊತೆಗೆ ಇನ್ನೊಂದು ಕೆಲಸವಿತ್ತು. ನಮ್ಮ ಓಣಿಯಲ್ಲಿ ಯಾರ ಮನೆಯಲ್ಲಿ ಕೂಸು ಹುಟ್ಟಿದರೂ ಎರೆಯಲು ನನ್ನನ್ನು ಕರೆಯುತ್ತಿದ್ದರು. ಬಚ್ಚಲಿನಲ್ಲಿ ಮಣೆಯ ಮೇಲೆ ಕುಳಿತು, ಎರಡೂ ಕಾಲು ಚಾಚಿ, ಕೂಸನ್ನು ಕಾಲಿನ ಮೇಲೆ ಮಲಗಿಸಿಕೊಂಡು ನೀರು ಹಾಕುವುದು. ಎಷ್ಟು ಕೂಸುಗಳಿಗೆ ಎರೆದೆನೋ ನೆನಪಿಟ್ಟಿಲ್ಲ. ಈಗ ಮೀಸೆ ಬಂದ ಗಂಡಸರು ಕೆಲವರು ನನ್ನನ್ನು ಕಂಡರೆ ತಲೆ ತಗ್ಗಿಸಿ ನಗುತ್ತಾರೆ.

ಈ ಕೆಲಸದಲ್ಲಿ ಒಂದು ಪದ್ಧತಿ ಇದೆ. ನೀರಿನ ಹದ ನೋಡಲು ನಾವು ಕೈ ಅದ್ದುವುದಿಲ್ಲ. ದಿನಾ ರೊಟ್ಟಿ ಬಡಿದು, ಹಂಚಿನ ಮೇಲೆ ಬೆರಳಿನಿಂದಲೇ ತಿರುವಿ ಹಾಕುವ ಕೈಗೆ ಬಿಸಿಯೇ ತಿಳಿಯುವುದಿಲ್ಲ. ಸೀರೆಯ ಒಳಗಿನ ಮೊಣಕಾಲಿನ ಚರ್ಮ ಕೂಸಿನ ಚರ್ಮದ ಹಾಗೆ ಮೆತ್ತಗೆ. ಆದ್ದರಿಂದ ಮೊದಲ ತಂಬಿಗೆ ನಮ್ಮ ಮೊಣಕಾಲಿಗೆ, ಎರಡನೆಯದು ಕೂಸಿಗೆ. ಇದನ್ನು ನನಗೆ ಕಲಿಸಿದವರು ನನ್ನ ಅತ್ತೆ.

ಅತ್ತೆ ಇನ್ನೊಂದನ್ನೂ ಕಲಿಸಿದರು, ಅವರಿಗೆ ಗೊತ್ತಿಲ್ಲದೆ. ನನ್ನ ತವರು ತಡಸ, ಶಿಗ್ಗಾಂವಿಯ ಆಚೆ. ಹೊಸದಾಗಿ ಬಂದಾಗ "ತವರಿಗೆ ಹೋಗ್ಲೇನ್ರಿ" ಎಂದರೆ ಬೇಡ ಎನ್ನುತ್ತಿದ್ದರು. ಹಾಗಾಗಿ ನಾನು ತುಂಡು ತುಂಡು ಮಾಡಿ ಕೇಳುತ್ತಿದ್ದೆ. ಸೋಮವಾರ, "ಹಾನಗಲ್ಲಾಗ ಕುಬಸದ ಬಟ್ಟಿ ನೋಡಿ ಬರ್ಲೇನ್ರಿ?" ಹೂಂ. ಮರುದಿನ, "ಅಲ್ಲೆ ಸಿಗಲಿಲ್ಲಂದ್ರ ಶಿಗ್ಗಾಂವಿಗೆ ಹೋಗ್ಲೇನ್ರಿ?" ಹೂಂ. ಅದರ ಮರುದಿನ, "ಹೊತ್ತಾತಂದ್ರ ಯಾರದರ ಮನಿಯಾಗ ಉಳಕೊಳ್ಳಲೇನ್ರಿ?" ಹೂಂ. ಮೂರೂ ಹೂಂ ಜೋಡಿಸಿದರೆ ತಡಸ ಬರುತ್ತಿತ್ತು. ನಾನು ಸುಳ್ಳು ಹೇಳಿದಂತೆಯೂ ಅಲ್ಲ. ನಮ್ಮ ಮನೆಗಳ ಹೆಣ್ಣುಮಕ್ಕಳಿಗೆ ಈ ಕಸುಬು ಯಾರೂ ಹೇಳಿಕೊಡಬೇಕಾಗಿಲ್ಲ.

ಮಗಳು ಕವಿತಾಳನ್ನು ಹಿರೇಕೆರೂರಿಗೆ ಕೊಟ್ಟಿದ್ದೇವೆ. ಮದುವೆಯಾಗಿ ಒಂಬತ್ತು ವರ್ಷ ಮಕ್ಕಳಾಗಲಿಲ್ಲ. ಆ ಒಂಬತ್ತು ವರ್ಷವೂ ನಾನು ಊರವರ ಕೂಸುಗಳಿಗೆ ಎರೆದು, ಒರೆಸಿ ಅವರವರ ತಾಯಂದಿರ ಕೈಗೆ ಕೊಟ್ಟು ಬಂದೆ. ಅಷ್ಟರಲ್ಲಿ ನನ್ನ ಬಲ ಮೊಣಕಾಲು ಸವೆದುಹೋಯಿತು. ಮಣೆಯಿಂದ ಏಳಲು ಇಬ್ಬರು ಬೇಕಾಯಿತು. ಕರೆಯುವವರು ಕಡಿಮೆಯಾದರು. ಆಮೇಲೆ ಕವಿತಾ ಬಸುರಾದಳು.

ನಾನು ಆಪರೇಶನ್ನಿಗೆ ಒಪ್ಪಿದ್ದು ನೋವಿಗಾಗಿ ಅಲ್ಲ. ನೋವಿನ ಜೊತೆ ಹತ್ತು ವರ್ಷ ಬಾಳಿದ್ದೆ, ಇನ್ನೂ ಬಾಳುತ್ತಿದ್ದೆ. ನನ್ನ ಮಗಳ ಕೂಸಿಗೆ ನನ್ನ ಕಾಲಿನ ಮೇಲೆ ಎರೆಯಬೇಕು, ಅದಕ್ಕಾಗಿ. ಹುಬ್ಬಳ್ಳಿಯ ಆಸ್ಪತ್ರೆಯಲ್ಲಿ ಡಾಕ್ಟರರನ್ನು ಕೇಳಿದೆ, "ಮನಿ ಕೆಲಸ ಎಲ್ಲಾ ಮಾಡಾಕ ಬರ್ತೇತೇನ್ರಿ ಸಾಹೇಬ್ರ?" ಅವರು ನಕ್ಕು, "ಎಲ್ಲಾ ಮಾಡ್ರಿ ಅವ್ವಾರ" ಎಂದರು. ಆ 'ಎಲ್ಲಾ'ದಲ್ಲಿ ನನ್ನದೂ ಇದೆ ಎಂದುಕೊಂಡು ಬಂದೆ. ಬಿಡಿಸಿ ಕೇಳಲಿಲ್ಲ.

ಏಳನೇ ತಿಂಗಳಲ್ಲಿ ಕವಿತಾಳಿಗೆ ಉಡಿ ತುಂಬಿ, ಕುಬಸದ ಕಾರ್ಯ ಮುಗಿಸಿ ಆಪರೇಶನ್ ಮಾಡಿಸಿಕೊಂಡೆ. ಅದು ಚೆನ್ನಾಗಿಯೇ ಆಯಿತು. ಮೂರನೇ ದಿನ ನಡೆಸಲು ಬಂದ ಹುಡುಗಿ ನನ್ನ ಕೈಗೆ ವಾಕರ್ ಕೊಡುತ್ತ, "ಅಜ್ಜೀ, ಇನ್ನ ನೆಲಕ್ಕ ಕುಂದ್ರಂಗಿಲ್ಲ ಮತ್ತ, ಖುರ್ಚಿನ" ಎಂದಳು. ಎಷ್ಟು ಹಗುರವಾಗಿ ಹೇಳಿದಳೆಂದರೆ, ಚಪ್ಪಲಿ ಹೊರಗೆ ಬಿಡಿ ಎಂದ ಹಾಗೆ. ನಾನು ವಾಕರ್ ಹಿಡಿದು ಅಲ್ಲೇ ನಿಂತೆ. "ನೋವಾಗಾಕತ್ತೇತೇನ್ರಿ?" ಎಂದಳು. ಇಲ್ಲ ಎಂದೆ.

ಡಾಕ್ಟರರನ್ನು ಕೇಳಬಹುದಿತ್ತು. ಹೊಲಿಗೆ ಬಿಚ್ಚಿಸಲು ಹೋದ ದಿನ ಮೂರು ತಾಸು ಕಾದೆವು. ಕಬ್ಬಿಣದ ಕುರ್ಚಿಗಳ ಸಾಲು, ಎಲ್ಲರ ತೊಡೆಯ ಮೇಲೂ ಎಕ್ಸರೇ ಚೀಲ. ಒಳಗೆ ಹೋದರೆ ಎರಡು ನಿಮಿಷ. ಗಾಯ ನೋಡಿದರು, "ಛಲೋ ಆಗೇತಿ" ಎಂದರು. ಮಾತು ಬಾಯಿಗೆ ಬಂದಿತ್ತು. ಅವರು ಇಲ್ಲ ಎಂದರೆ ಅದು ಇಲ್ಲವೇ. ಆ ಮೇಲೆ ಯಾರನ್ನು ಕೇಳುವುದು? ಕೇಳದೆ ಬಂದರೆ ಆಸೆಯಾದರೂ ಉಳಿಯುತ್ತದೆ. ಕೇಳದೆ ಬಂದೆ.

ಸುಧಾ ಶಿಗ್ಗಾಂವಿಯ ಕಾಲೇಜಿನಲ್ಲಿ ಓದಿದ ಹುಡುಗಿ. ಫೋನಿನಲ್ಲಿ ಎಐ ಎಂದು ಒಂದಿದೆ, ಏನು ಕೇಳಿದರೂ ಕನ್ನಡದಲ್ಲಿ ಹೇಳುತ್ತದೆ ಎಂದು ತೋರಿಸಿದಳು. ಮೈಕಿನ ಚಿತ್ರ ಒತ್ತಿ ಮಾತಾಡಿದರೆ ಸಾಕು, ಓದುವುದೂ ಬೇಡ, ಅದೇ ಓದಿ ಹೇಳುತ್ತದೆ. ಮೊದಲ ಸಲ ಅದು "ನಮಸ್ಕಾರ, ನಿಮ್ಮ ಶೀಘ್ರ ಚೇತರಿಕೆಗೆ ಹಾರೈಸುತ್ತೇನೆ" ಎಂದಾಗ ಯಜಮಾನರು ಊಟದ ತಾಟಿನಿಂದ ತಲೆ ಎತ್ತಿ, "ಯಾರವಾ ಇಂವಾ, ಬೀಗರ ಪೈಕಿ ಏನು?" ಎಂದರು.

ಅದು ಒಳ್ಳೆಯದೇ. ಒಮ್ಮೆ ನನ್ನ ಮೀನಖಂಡ ಬಿಗಿದು ನೋವು ಬಂದಾಗ, ತಡ ಮಾಡದೆ ಆಸ್ಪತ್ರೆಗೆ ಹೋಗಿ ಎಂದು ಅದೇ ಹೇಳಿತು. ಹೋದೆವು. ಏನೂ ಇರಲಿಲ್ಲ, ಆದರೆ ಬಂದದ್ದು ಒಳ್ಳೆಯದಾಯಿತು, ರಕ್ತ ಹೆಪ್ಪುಗಟ್ಟಿದ್ದರೆ ಕಷ್ಟವಿತ್ತು ಎಂದು ಡಾಕ್ಟರರೂ ಅಂದರು. ಕೆಲವೊಮ್ಮೆ ಅದು ಮಾತು ಬದಲಿಸುತ್ತಿತ್ತು. ಚಕ್ಕಳಮಕ್ಕಳ ಹಾಕಬಹುದೇ ಎಂದರೆ ಒಂದು ದಿನ "ಕೆಲವು ತಿಂಗಳ ನಂತರ ಸಾಧ್ಯವಾಗಬಹುದು" ಎಂದಿತು, ಇನ್ನೊಂದು ದಿನ "ಸಾಮಾನ್ಯವಾಗಿ ತಪ್ಪಿಸುವುದು ಒಳ್ಳೆಯದು" ಎಂದಿತು. ಸುಧಾಗೆ ಅದು ಸರಿಬರಲಿಲ್ಲ. "ಅತ್ತೀ, ಇದು ಒಂದೊಂದ ಸಲ ಒಂದೊಂದ ಹೇಳತೇತ್ರಿ" ಎಂದಳು. ನನಗೆ ಮಾತ್ರ ಅದರಿಂದ ಧೈರ್ಯ ಬಂತು. ಒಮ್ಮೆ ಇಲ್ಲ ಎಂದದ್ದನ್ನು ಇನ್ನೊಮ್ಮೆ ಹೂಂ ಅನ್ನುವುದಾದರೆ ಅದು ಡಾಕ್ಟರರ ಹಾಗಲ್ಲ, ನನ್ನ ಅತ್ತೆಯ ಹಾಗೆ.

ಕವಿತಾ ತವರಿಗೆ ಬಂದಳು, ಹೆತ್ತಳು. ಹೆಣ್ಣು ಕೂಸು. ಹಾನಗಲ್ಲಿನ ಆಸ್ಪತ್ರೆಯಲ್ಲಿ ನರ್ಸಮ್ಮ ಬಟ್ಟೆ ಸುತ್ತಿ ನನ್ನ ಕೈಯಲ್ಲಿಟ್ಟಾಗ ಅದು ಆಕಳಿಸಿತು. ಹುಟ್ಟಿ ಒಂದು ತಾಸಾಗಿಲ್ಲ, ಆಕಳಿಕೆ. ನಾನು ಅಳುತ್ತಲೇ ನಕ್ಕೆ.

ಹೊಕ್ಕುಳ ಬಳ್ಳಿ ಬಿದ್ದ ಮೇಲೆ ಎರೆಯಲು ಓಣಿಯ ಇನ್ನೊಬ್ಬಾಕೆ ಬಂದಳು. ನಾನು ಬಚ್ಚಲ ಬಾಗಿಲಲ್ಲಿ ಕುರ್ಚಿ ಹಾಕಿಕೊಂಡು ನೋಡಿದೆ. ಆಕೆ ಎರೆದದ್ದರಲ್ಲಿ ತಪ್ಪಿರಲಿಲ್ಲ. ಕೂಸು ಆಕೆಯ ಕಾಲಿನ ಮೇಲೆ ಕೈಕಾಲು ಬಡಿಯುತ್ತಿತ್ತು. ನಾಲ್ಕು ದಿನ ನೋಡಿದೆ. ಆ ನಾಲ್ಕು ದಿನ ನಾನು ಫೋನನ್ನು ತುಂಡು ತುಂಡಾಗಿ ಕೇಳಿದೆ.

ಕಾಲು ನೇರ ಚಾಚಿ ಕುಳಿತರೆ ನಡೆಯುತ್ತದೆಯೇ? "ಹೌದು, ಮೊಣಕಾಲನ್ನು ನೇರವಾಗಿಡುವುದು ಒಳ್ಳೆಯ ವ್ಯಾಯಾಮ." ಗಾಯ ಒಣಗಿದೆ, ನೀರು ತಾಗಿದರೆ? "ಗಾಯ ಪೂರ್ಣವಾಗಿ ಮಾಯ್ದಿದ್ದರೆ ಸ್ನಾನ ಮಾಡಬಹುದು." ಮೂರು ಕಿಲೋ ಭಾರ ಎತ್ತಬಹುದೇ? "ಹಗುರವಾದ ಭಾರವನ್ನು ಎಚ್ಚರಿಕೆಯಿಂದ ಎತ್ತಬಹುದು." ಗಾಯದ ಹೊರಮಗ್ಗುಲಲ್ಲಿ ಅಂಗೈಯಷ್ಟು ಜಾಗ ಮರಗಟ್ಟಿದ ಹಾಗಿದೆ, ಮುಟ್ಟಿದರೆ ಗೊತ್ತಾಗುವುದಿಲ್ಲ, ಏನಾದರೂ ಹೆಚ್ಚುಕಡಿಮೆಯೇ? "ಇದು ಬಹಳ ಜನರಲ್ಲಿ ಕಂಡುಬರುತ್ತದೆ, ಭಯಪಡಬೇಡಿ, ನಿಧಾನವಾಗಿ ಕಡಿಮೆಯಾಗಬಹುದು." ಮಣೆಯ ಮೇಲೆ ಕುಳಿತರೆ? "ತಗ್ಗಾದ ಆಸನಗಳನ್ನು ತಪ್ಪಿಸಿ." ಬೇರೆಯವರು ಹಿಡಿದು ಕೂಡ್ರಿಸಿದರೆ, ಎರಡು ಮಣೆ ಒಂದರ ಮೇಲೊಂದು ಇಟ್ಟರೆ? "ಸಹಾಯವಿದ್ದರೆ ಅಪಾಯ ಕಡಿಮೆ, ಆದರೂ ನಿಮ್ಮ ಶಸ್ತ್ರವೈದ್ಯರನ್ನು ಕೇಳಿ." ಆ ಕೊನೆಯ ಮಾತನ್ನು ಅದು ಪ್ರತಿ ಉತ್ತರಕ್ಕೂ ಅಂಟಿಸುತ್ತಿತ್ತು. ಬಸ್ಸಿನಲ್ಲಿ ಬರೆದ ಸೂಚನೆಯ ಹಾಗೆ ನಾನದನ್ನು ಬಿಟ್ಟುಬಿಟ್ಟೆ.

ಉತ್ತರಗಳಲ್ಲಿ ತಪ್ಪಿರಲಿಲ್ಲ. ಈಗಲೂ ಒಂದೊಂದಾಗಿ ನೋಡಿದರೆ ತಪ್ಪಿಲ್ಲ. ಆದರೆ ಕೂಸು ಎಂಬ ಮಾತನ್ನೇ ನಾನು ಆಡಿರಲಿಲ್ಲ.

ಐದನೇ ದಿನ ಎರೆಯುವಾಕೆ ಯಾವುದೋ ಮದುವೆಗೆ ಹೋದಳು. ಸುಧಾ ಕೆಲಸದ ಮೇಲೆ ಶಿಗ್ಗಾಂವಿಗೆ, ಯಜಮಾನರು ಗದ್ದೆಗೆ, ಮಗ ಗಿರಣಿಗೆ. ಮನೆಯಲ್ಲಿ ನಾನು, ಕವಿತಾ, ಕೂಸು.

"ಇವತ್ತ ನಾನ ಎರೀತೇನಿ" ಎಂದೆ.

"ಬ್ಯಾಡ ಬೇ ಯವ್ವಾ. ಒಂದಿನ ಎರೀದಿದ್ದರ ಏನಾಗತೇತಿ?"

"ಎಲ್ಲಾ ಕೇಳೇನಿ ಫೋನಿನ್ಯಾಗ. ನಡೀತೇತಿ ಅಂದೇತಿ."

"ಖರೇನ?"

"ಖರೇನ."

ಕಿಟಕಿಯ ಸರಳು ಹಿಡಿದು, ಮಗಳ ಹೆಗಲು ಹಿಡಿದು, ಎರಡು ಮಣೆಯ ಮೇಲೆ ಇಳಿದೆ. ಬಾಣಂತಿ ಮಗಳು, ಅವಳೇ ನಡುಗುತ್ತಿದ್ದಳು. ಕಾಲು ಚಾಚಿದೆ. ಎಷ್ಟು ವರ್ಷದ ಮೇಲೆ ಬಚ್ಚಲ ಕಲ್ಲು ನನ್ನ ಹಿಮ್ಮಡಿಗೆ ತಾಗಿತು. ಸೀರೆ ಮೇಲೆತ್ತಿ, ಬಕೆಟ್ಟಿನಿಂದ ಮೊದಲ ತಂಬಿಗೆ ತೆಗೆದು, ಸಣ್ಣ ಧಾರೆ ಮಾಡಿ ಬಲ ಮೊಣಕಾಲಿಗೆ ಬಿಟ್ಟೆ. ಹೊರಮಗ್ಗುಲಿಗೆ, ಯಾವಾಗಲೂ ಬಿಡುವ ಜಾಗಕ್ಕೆ.

"ತಣ್ಣಗೈತಲ್ಲ. ಹಂಡೇದಾಗಿಂದು ಇನ್ನೆರಡ ತಂಬಿಗಿ ಹಾಕು."

ಕವಿತಾ ಹಾಕಿದಳು. ಮತ್ತೆ ಬಿಟ್ಟೆ. ಇನ್ನೂ ಉಗುರುಬೆಚ್ಚಗೆ. ಇನ್ನೂ ಹಾಕು ಎಂದೆ. ಮೂರನೇ ಸಲ ಕೆಳಗೆ ಮೀನಖಂಡಕ್ಕೆ ಚುರುಕು ತಾಗಿದ್ದು ನಿಜ. ಆದರೆ ನನ್ನ ಕೆಲಸದಲ್ಲಿ ಹದ ಹೇಳುವುದು ಮೊಣಕಾಲು, ಮೀನಖಂಡ ಅಲ್ಲ. ಮೊಣಕಾಲು ಹದ ಬಂತು ಎಂದಿತು. ತಂಬಿಗೆ ತುಂಬಿ ಕೈಯಲ್ಲಿ ಹಿಡಿದು, "ತಾ ಕೂಸನ್ನ" ಎಂದೆ.

ಕವಿತಾ ಬಗ್ಗಿದಳು. ಕೂಸು ಬತ್ತಲೆ, ಮೈಗೆಲ್ಲ ಎಣ್ಣೆ, ನನ್ನ ಕಾಲಿಗೂ ಅದರ ಬೆನ್ನಿಗೂ ನಡುವೆ ಒಂದು ಗೇಣು. ಅಷ್ಟರಲ್ಲಿ ನನ್ನ ಕಾಲಿನಿಂದ ಇಳಿದ ನೀರು ಕಲ್ಲಿನ ಮೇಲೆ ಹರಿದು ಹೋಗಿ ಕವಿತಾಳ ಬರಿಗಾಲಿಗೆ ಮುಟ್ಟಿತು. "ಯವ್ವಾ" ಎಂದು ಕೂಗಿ ಅವಳು ಹಿಂದಕ್ಕೆ ಜಿಗಿದಳು. ಬೆನ್ನು ಬಾಗಿಲಿಗೆ ಬಡಿಯಿತು. ಕೂಸನ್ನು ಮಾತ್ರ ಬಿಡಲಿಲ್ಲ.

ನಾನು ಕೈಯಲ್ಲಿದ್ದ ತಂಬಿಗೆಯನ್ನು ನೋಡಿದೆ. ಹಬೆ ಏಳುತ್ತಿತ್ತು. ಅಷ್ಟು ಹೊತ್ತೂ ಎದ್ದಿರಬೇಕು. ಮೊಣಕಾಲು ನೋಡಿದೆ. ಗಾಯದ ಗೆರೆಯ ಪಕ್ಕ ಚರ್ಮ ಕೆಂಪಾಗಿ ಬೊಬ್ಬೆ ಏಳುತ್ತಿತ್ತು, ನನ್ನ ಕಣ್ಣೆದುರಿಗೆ, ಬೇರೆ ಯಾರದೋ ಕಾಲಿನ ಮೇಲೆ ಏಳುವ ಹಾಗೆ. ನೋವಿರಲಿಲ್ಲ. ಆ ತಂಬಿಗೆ ಎಲ್ಲಿಗೆ ಹೋಗಬೇಕಿತ್ತು ಎಂಬುದು ಗೊತ್ತಾದಾಗ ಅದನ್ನು ಬಚ್ಚಲ ಮೋರಿಗೆ ಸುರಿದೆ.

ಕೂಸಿಗೆ ಒಂದು ಹನಿ ತಾಗಿರಲಿಲ್ಲ. ಇದನ್ನು ಇನ್ನೊಮ್ಮೆ ಬರೆಯುತ್ತೇನೆ. ಕೂಸಿಗೆ ಒಂದು ಹನಿ ತಾಗಿರಲಿಲ್ಲ.

ಕವಿತಾ ಕುರ್ಚಿ ಎಳೆದು ತಂದು ಹೇಗೋ ನನ್ನನ್ನು ಎಬ್ಬಿಸಿದಳು. ಇಬ್ಬರೂ ಅತ್ತೆವು. ಆಮೇಲೆ ಇಬ್ಬರೂ ಸೇರಿ ಸುಳ್ಳು ಕಟ್ಟಿದೆವು, ಚಹಾ ಚೆಲ್ಲಿತು ಎಂದು. ಮನೆಯವರಿಗೆ ಹಾಗೆಯೇ ಹೇಳಿದೆವು. ಫೋನಿಗೂ ಹಾಗೆಯೇ ಹೇಳಿದೆ. ಬಿಸಿ ಚಹಾ ಬಿದ್ದು ಬೊಬ್ಬೆ ಎದ್ದರೆ ಏನು ಮಾಡಬೇಕು? ತಣ್ಣೀರು ಹಾಕಿ, ಬೊಬ್ಬೆ ಒಡೆಯಬೇಡಿ, ಚಿಕ್ಕದಾದರೆ ಮನೆಯಲ್ಲೇ ಆರೈಕೆ ಮಾಡಬಹುದು ಎಂದಿತು. ಯಾವ ಕಾಲು, ಅದರೊಳಗೆ ಏನಿದೆ ಎಂದು ನಾನು ಹೇಳಲಿಲ್ಲ, ಅದು ಕೇಳಲೂ ಇಲ್ಲ.

ಎರಡನೇ ದಿನ ಬೊಬ್ಬೆ ತಾನೇ ಒಡೆಯಿತು. ನಾಲ್ಕನೇ ದಿನ ಜ್ವರ. ಮೊಣಕಾಲು ಕುಂಬಳಕಾಯಿಯ ಹಾಗೆ ಊದಿ ಮಡಚಲು ಬರದಾಯಿತು. ಸುಧಾ ಸೀರೆ ಸರಿಸಿ ನೋಡಿ ಬೆಚ್ಚಿದಳು.

"ಅತ್ತೀ, ಇದು ಆಪರೇಶನ್ ಆದ ಕಾಲ್ರಿ. ಫೋನಿಗೆ ಅದನ್ನ ಹೇಳಿದ್ರಿಲ್ಲೋ?"

ನಾನು ಗೋಡೆ ನೋಡಿದೆ. ಅವಳೇ ಟೈಪು ಮಾಡಿದಳು. ಹನ್ನೊಂದು ವಾರದ ಹಿಂದೆ ಮೊಣಕಾಲು ಬದಲಾಯಿಸಿದೆ, ಅದೇ ಜಾಗದಲ್ಲಿ ಸುಟ್ಟಿದೆ, ಜ್ವರ ಇದೆ, ಊದಿದೆ. ಉತ್ತರದಲ್ಲಿ ನಮಸ್ಕಾರವೂ ಇರಲಿಲ್ಲ. ಇವತ್ತೇ, ಈಗಲೇ, ಆಪರೇಶನ್ ಮಾಡಿದ ಆಸ್ಪತ್ರೆಗೆ ಹೋಗಿ ಎಂದಿತು.

ಮಗ ಗಾಡಿ ತಂದ. ಹಾನಗಲ್ಲು ದಾಟಿ ತಡಸದ ಮೇಲೆ ಹುಬ್ಬಳ್ಳಿಗೆ. ತಡಸ ಬಂದಾಗ ನಾನು ತಲೆ ಎತ್ತಲಿಲ್ಲ.

ಆಸ್ಪತ್ರೆಯಲ್ಲಿ ಮೊಣಕಾಲಿಗೆ ದಪ್ಪ ಸೂಜಿ ಚುಚ್ಚಿ ಒಳಗಿನ ನೀರು ತೆಗೆದರು. ಸ್ವಚ್ಛ ಇರಬೇಕಾದದ್ದು ಕದಡಿತ್ತು. "ಕೀವು ಒಳಗ ಇಳಿದಿದ್ದರ ಹಾಕಿದ ಕೀಲು ತಗೀಬೇಕಾಗಬಹುದ್ರಿ" ಎಂದು ಡಾಕ್ಟರರು ಮಗನಿಗೆ ಹೇಳಿದರು, ನನಗೆ ಕೇಳುವ ಹಾಗೆಯೇ. ಹೇಗಾಯಿತು ಎಂದು ನನ್ನನ್ನು ಕೇಳಿದರು. ಚಹಾ ಎಂದೆ.

ನನ್ನ ಪಕ್ಕದ ಹಾಸಿಗೆಯಲ್ಲಿ ಸವಣೂರಿನ ಜೈನಾಬಿ ಇದ್ದರು, ನನಗಿಂತ ಎರಡು ಮೂರು ವರ್ಷ ದೊಡ್ಡವರು. ಅವರ ಕಾಲಿನಲ್ಲಿ ಕೀಲೇ ಇರಲಿಲ್ಲ. ಕೀವಾಗಿ ಅದನ್ನು ತೆಗೆದು, ಔಷಧ ಕಲಸಿದ ಸಿಮೆಂಟು ತುಂಬಿ, ಕಾಯಲು ಹೇಳಿದ್ದರು. ಎಷ್ಟು ತಿಂಗಳೆಂದು ಗೊತ್ತಿಲ್ಲ. ಎದ್ದು ಕೂಡಲೂ ಎರಡು ಜನ ಬೇಕು. ಆದರೆ ಬಾಯಿ ಮಾತ್ರ ಒಂದು ಗಳಿಗೆ ಸುಮ್ಮನಿರುತ್ತಿರಲಿಲ್ಲ. ಎಷ್ಟು ಹೊತ್ತಿಗೆ ಹೊಟ್ಟೆ ಕಟ್ಟಿತು, ಯಾವ ಸೊಸೆ ಹಾಲಿಗೆ ನೀರು ಬೆರೆಸುತ್ತಾಳೆ, ಎಲ್ಲವನ್ನೂ ಡಾಕ್ಟರರಿಗೂ ಕಸ ಗುಡಿಸುವಾಕೆಗೂ ಒಂದೇ ದನಿಯಲ್ಲಿ ಹೇಳುತ್ತಿದ್ದರು. ದಿಂಬಿನ ಕೆಳಗೆ ಒದ್ದೆ ಬಟ್ಟೆಯಲ್ಲಿ ಸವಣೂರಿನ ವೀಳ್ಯದೆಲೆ ಸುತ್ತಿಟ್ಟಿದ್ದರು. ಒಂದು ನನ್ನ ಕೈಗಿತ್ತು, ಒಂದು ತಾವು ಬಾಯಿಗೆ ಹಾಕಿಕೊಂಡು ಕೇಳಿದರು.

"ಚಾ ಎಲ್ಲಿ ಕುಡಿಯಾಕತ್ತಿದ್ರಿ ಅಕ್ಕಾರ?"

"ಮನಿಯಾಗ."

"ಸೀರಿ ಉಟಗೊಂಡಿದ್ರಿಲ್ಲೋ?"

ನಾನು ಹೊದಿಕೆಯನ್ನು ಮೊಣಕಾಲಿನ ಮೇಲೆ ಎಳೆದುಕೊಂಡೆ.

"ಚಾ ಬಿದ್ದರ ಸೀರಿ ಮ್ಯಾಲೆ ಬೀಳಬೇಕು. ತೊಡಿ ಸುಡಬೇಕು. ಬತ್ತಲ ಮಣಕಾಲಿಗೆ ಕಪ್ಪ ಹಿಡದಿದ್ರೇನು? ನಾ ಮುದುಕಿ ಇರಬಹುದು, ದಡ್ಡಿ ಅಲ್ಲ."

ಎಲೆ ಬಾಯಲ್ಲಿಟ್ಟುಕೊಂಡು ನಾನು ಎಲ್ಲವನ್ನೂ ಹೇಳಿದೆ. ಮಣೆ, ಹಂಡೆ, ತಂಬಿಗೆ, ಫೋನು, ನನ್ನ ಅತ್ತೆ, ತಡಸ. ಅವರು ನಗಲಿಲ್ಲ. ತಮ್ಮ ಕಾಲಿನ ಕಡೆ ಕೈ ತೋರಿಸಿ, "ನಂಗೂ ಹಿಂಗ ಆಗಿತ್ತು. ಜ್ವರ ಬಂದಿದ್ದನ್ನ ಹದಿನೈದು ದಿನಾ ಹೇಳಲಿಲ್ಲ, ಮಗಳ ಮದುವಿ ಇತ್ತು" ಎಂದರು. "ಅವತ್ತಿಂದ ನಾ ಎಲ್ಲಾ ಒದರಿಬಿಡತೇನಿ. ನೀವು ಹೇಳತೀರೋ, ನಾ ಒದರಲೋ?"

ಸಂಜೆ ಡಾಕ್ಟರರು ಬಂದಾಗ ನಾನೇ ಹೇಳಿದೆ. ಅವರು ಬರೆಯುವುದನ್ನು ನಿಲ್ಲಿಸಿದರು.

"ಬಚ್ಚಲದಾಗ? ಗಾಯ ಒಡದ ಮ್ಯಾಲೂ ಅಲ್ಲೇ ಜಳಕಾ ಮಾಡಿದ್ರೇನು?"

"ಮಾಡೇನ್ರಿ."

"ಯಾವ ನೀರು?"

"ಹೊರಗಿನ ತೊಟ್ಟೀದು."

"ಚಹಾ ಅಂದ್ರಿ, ನಾ ಅದಕ್ಕ ತಕ್ಕಂಗ ಔಷಧ ಚಾಲೂ ಮಾಡೇನಿ. ತೊಟ್ಟಿ ನೀರಿನ ಕ್ರಿಮಿಗೆ ಬ್ಯಾರೇನ ಬೇಕಾಗತೇತಿ ಅವ್ವಾರ."

ಔಷಧ ಬದಲಾಯಿತು. ಮರುದಿನ ಬೆಳಿಗ್ಗೆ ಮೊಣಕಾಲು ಬಿಚ್ಚಿ ಒಳಗೆಲ್ಲ ತೊಳೆದರು. ಕೀಲು ಉಳಿಯುತ್ತದೋ ಇಲ್ಲವೋ ವಾರ ಕಳೆದು ಹೇಳುತ್ತೇವೆ ಎಂದರು. ಆ ವಾರವನ್ನು ಬರೆಯಲು ನನಗೆ ಬರುವುದಿಲ್ಲ. ನಾಲ್ಕನೇ ದಿನ ಡಾಕ್ಟರರು ಪಟ್ಟಿ ಬಿಚ್ಚುತ್ತ, ತಾವಾಗಿಯೇ ಒಂದು ಮಾತು ಹೇಳಿದರು.

"ನನ್ನ ಮೊದಲ ಕೇಳಿದ್ದರ ಬ್ಯಾಡ ಅಂತಿದ್ದಿಲ್ರಿ. ಖುರ್ಚಿ ಮ್ಯಾಲೆ ಕುಂತು, ಮುಂದೊಂದ ಟೇಬಲ್ ಮ್ಯಾಲೆ ಟಬ್ ಇಟ್ಟು ಎರೀರಿ, ನೀರ ಇನ್ನೊಬ್ಬರ ಕೈಲೆ ನೋಡಸ್ರಿ ಅಂತಿದ್ದೆ. ಅಷ್ಟ."

ಸೂಜಿಗಿಂತ ಆ 'ಅಷ್ಟ' ಚುಚ್ಚಿತು. ಅವರು ಇಲ್ಲ ಎನ್ನುತ್ತಾರೆ ಎಂದು ಹೆದರಿ ನಾನು ಎಷ್ಟು ದೂರ ಸುತ್ತಿ ಬಂದೆ.

ಕೀಲು ಉಳಿಯಿತು. ಆದರೆ ಆರು ವಾರ ನರದ ಮೂಲಕ ಔಷಧ. ಸುಧಾ ನನ್ನ ಜೊತೆ ಆಸ್ಪತ್ರೆಯಲ್ಲಿ. ಮನೆಯಲ್ಲಿ ಬಾಣಂತಿಯನ್ನು ನೋಡುವವರಿಲ್ಲದೆ, ಹಿರೇಕೆರೂರಿನಿಂದ ಬೀಗತಿ ಬಂದು ಕವಿತಾಳನ್ನೂ ಕೂಸನ್ನೂ ಕರೆದುಕೊಂಡು ಹೋದರು. ತವರಿನಲ್ಲಿ ಬಾಣಂತನ ಮುಗಿಯದೆ ಮಗಳು ಹೋಗುವುದೆಂದರೆ ನಮ್ಮಲ್ಲಿ ತಾಯಿಯಾದವಳು ತಲೆ ಎತ್ತಲಾಗದಂಥ ಮಾತು. ಯಜಮಾನರು ನಿಜ ತಿಳಿದ ಮೇಲೆ ಎರಡು ದಿನ ನನ್ನೊಡನೆ ಮಾತಾಡಲಿಲ್ಲ. ಮೂರನೇ ದಿನ ಬಂದು, ತಂದ ಬುತ್ತಿ ಬಿಚ್ಚಿಡುತ್ತ, "ಕೂಸಿಗೆ ಏನೂ ಆಗಿಲ್ಲಲಾ" ಎಂದರು. ಆಗಿಲ್ಲ ಎಂದೆ. ಮತ್ತೆ ಅದೇ ಕೇಳಿದರು. ಆಗಿಲ್ಲ ಎಂದೆ. ಅನ್ನ ಕಲಸಿ ನನ್ನ ಕೈಗೆ ಕೊಟ್ಟರು.

ಬೀಗತಿಯೂ ಒಮ್ಮೆ ನೋಡಲು ಬಂದರು. ಚುಚ್ಚುತ್ತಾರೆ ಎಂದು ಕಾದಿದ್ದೆ. "ಏನ್ರಿ ಬೀಗತೀ, ಊರಿಗೆಲ್ಲಾ ಎರದಾಕಿ ನಮ್ಮ ಕೂಸಿಗೆ ಬಿಟ್ರಿ" ಎಂದು ಚುಚ್ಚಿಯೂ ಬಿಟ್ಟರು. ಆಮೇಲೆ ಹತ್ತಿರ ಕುಳಿತು ದನಿ ತಗ್ಗಿಸಿ, "ಮಾರಾಯ್ತೀ, ಅದು ಸುಮ್ಮನ ಮಲಗೂದಿಲ್ಲ, ಕಾಲ ಮ್ಯಾಲಿಂದ ಜಾರತೇತಿ. ಹೆಂಗ ಹಿಡೀಬೇಕು ಹೇಳ್ರಿ" ಎಂದರು. ನಾನು ದಿಂಬನ್ನು ನನ್ನ ಎಡಗಾಲಿನ ಮೇಲೆ ಮಲಗಿಸಿ, ಕುತ್ತಿಗೆಗೆ ಕೈ ಹೇಗೆ ಕೊಡಬೇಕು, ನೀರು ಕಿವಿಗೆ ಹೋಗದ ಹಾಗೆ ತಲೆ ಎಷ್ಟು ಓರೆ ಮಾಡಬೇಕು ತೋರಿಸಿದೆ. ಜೈನಾಬಿ ಪಕ್ಕದ ಹಾಸಿಗೆಯಿಂದ, "ಅರೆ, ದಿಂಬಿನ ಮೂಗಿಗೆ ನೀರ ಹೊಂಟೇತಿ" ಎಂದರು. ಆಸ್ಪತ್ರೆಗೆ ಬಂದ ಮೇಲೆ ನಾನು ನಕ್ಕದ್ದು ಅವತ್ತೇ.

ಜೈನಾಬಿಯವರ ಕಾಲು ಕೊನೆಗೆ ಸರಿಹೋಗಲಿಲ್ಲ. ಹೊಸ ಕೀಲು ಕೂಡಿಸಲು ಆಗಲಿಲ್ಲ, ಮಡಚಲಾಗದ ಹಾಗೆ ಎಲುಬು ಜೋಡಿಸಿದರು. ಈಗ ಸವಣೂರಿನಲ್ಲಿ ಕೋಲು ಹಿಡಿದು, ಕಾಲು ಬೀಸಿ ಹಾಕುತ್ತ ನಡೆಯುತ್ತಾರೆ. ಹದಿನೈದು ದಿನ ಸುಮ್ಮನಿದ್ದದ್ದಕ್ಕೆ ಅವರು ತೆತ್ತದ್ದು ಅದು. ನಾನು ನಾಲ್ಕು ದಿನ ಸುಮ್ಮನಿದ್ದೆ. ನಮ್ಮಿಬ್ಬರಿಗೂ ನಡುವೆ ಇದ್ದದ್ದು ಆ ಹನ್ನೊಂದು ದಿನ, ಮತ್ತು ಒಂದು ಎಲೆ.

ಫೋನನ್ನು ನಾನು ಬಿಟ್ಟಿಲ್ಲ. ಬಿಡಿ ಎಂದು ನಿಮಗೂ ಹೇಳುವುದಿಲ್ಲ. ಹುಬ್ಬಳ್ಳಿ ದೂರ, ಡಾಕ್ಟರರ ಹೊತ್ತು ಕಡಿಮೆ, ಅದಾದರೋ ಎಷ್ಟು ಸಲ ಕೇಳಿದರೂ ಸಿಡುಕುವುದಿಲ್ಲ. ಆದರೆ ನಿಮ್ಮ ಮುಖ ನೋಡಿ "ಯಾಕ ಕೇಳಾಕತ್ತೀರಿ" ಎಂದು ಅದು ಅನ್ನುವುದು ನಾನು ಕಂಡಿಲ್ಲ. ಜೈನಾಬಿ ಅಂದರು. ನಾನು ಈಗ ಮೈಕು ಒತ್ತಿದರೆ ಮೊದಲು ನನ್ನ ವಯಸ್ಸು, ಆಪರೇಶನ್ನು, ಕೀವಾದದ್ದು, ಸಕ್ಕರೆ ಕಾಯಿಲೆ ಇಲ್ಲದ್ದು, ಯಾವ ಕೆಲಸ ಮಾಡಬೇಕೆಂದು ಆಸೆ ಇದೆ, ಎಲ್ಲವನ್ನೂ ಹೇಳಿ ಆಮೇಲೆ ಕೇಳುತ್ತೇನೆ. ಅದರ ಉತ್ತರವನ್ನು ಚೀಟಿಯಲ್ಲಿ ಬರೆದುಕೊಂಡು ಡಾಕ್ಟರರಿಗೆ ಓದಿ ಹೇಳುತ್ತೇನೆ. ಅವರು ಕೆಲವಕ್ಕೆ ಹೂಂ ಅನ್ನುತ್ತಾರೆ, ಕೆಲವನ್ನು ಕಾಟು ಹಾಕುತ್ತಾರೆ. ಕಾಟು ಹಾಕಿಸಿಕೊಳ್ಳಲು ಈಗ ಹೆದರಿಕೆ ಇಲ್ಲ.

ಒಂದು ದಿನ ಸುಮ್ಮನೆ, ಅಂದು ಕೇಳದೆ ಬಿಟ್ಟ ಪ್ರಶ್ನೆಯನ್ನು ಇಡಿಯಾಗಿ ಕೇಳಿದೆ. ನಾನು ಇಂಥವಳು, ಮೊಣಕಾಲಿನ ಚರ್ಮ ಮರಗಟ್ಟಿದೆ, ಅದರ ಮೇಲೆಯೇ ನೀರಿನ ಹದ ನೋಡಿ ಕೂಸಿಗೆ ಎರೆಯಬಹುದೇ? "ದಯವಿಟ್ಟು ಹಾಗೆ ಮಾಡಬೇಡಿ" ಎಂದಿತು. "ಆ ಜಾಗಕ್ಕೆ ಬಿಸಿ ತಿಳಿಯುವುದಿಲ್ಲ. ಮಗುವಿಗೆ ಸುಡಬಹುದು." ಒಂದೇ ಸಲಕ್ಕೆ, ತಡಬಡಿಸದೆ. ಅಷ್ಟು ಸುಲಭಕ್ಕೆ ಸಿಗುವ ಉತ್ತರ ಅದು. 

ನಾನು ನನ್ನ ಮೊಮ್ಮಗಳಿಗೆ ಎರೆಯಲಿಲ್ಲ. ಎರೆಯುವ ವಯಸ್ಸೂ ದಾಟಿತು, ಈಗ ಅವಳು ಟಬ್ಬಿನಲ್ಲಿ ಕುಳಿತು ನೀರನ್ನು ಊರಿಗೆಲ್ಲ ಹಂಚುತ್ತಾಳೆ. ಮೊಣಕಾಲಿನ ಅಂಗೈಯಷ್ಟು ಜಾಗ ಇನ್ನೂ ಹಾಗೆಯೇ ಇದೆ. ತಿರುಗಿ ಬರಬಹುದು, ಬರದಿರಬಹುದು ಎನ್ನುತ್ತಾರೆ.

ಹೋದ ಸೋಮವಾರ ಹಿರೇಕೆರೂರಿನಲ್ಲಿ ಕವಿತಾಳ ಪಡಸಾಲೆಯಲ್ಲಿ ಕುರ್ಚಿಯ ಮೇಲೆ ಕುಳಿತು ಬೀಗತಿಯೊಡನೆ ಮಾತಾಡುತ್ತಿದ್ದೆ. ಬೀಗತಿ ಮಾತು ನಿಲ್ಲಿಸಿ ನನ್ನ ಕಾಲಿನ ಕಡೆ ನೋಡಿದರು. ಕವಿತಾ ಅಡಿಗೆಮನೆಯ ಬಾಗಿಲಲ್ಲಿ ನಿಂತುಬಿಟ್ಟಳು. "ಯವ್ವಾ, ಅಳ್ಳಾಡಬ್ಯಾಡ ಬೇ" ಎಂದಳು, ಉಸಿರಿನಲ್ಲಿ.

ಕೂಸು ಯಾವಾಗ ತೆವಳಿ ಬಂತೋ, ಯಾವಾಗ ಹಿಡಿಯಿತೋ ನನಗೆ ತಿಳಿದಿರಲಿಲ್ಲ. ಎರಡೂ ಕೈ ನನ್ನ ಬಲ ಮೊಣಕಾಲಿನ ಹೊರಮಗ್ಗುಲ ಮೇಲೆ, ಸರಿಯಾಗಿ ಆ ಜಾಗದ ಮೇಲೆ ಊರಿಕೊಂಡು ಎದ್ದು ನಿಂತಿದ್ದಳು. ಆ ಕೈಗಳ ಬಿಸಿ ನನಗೆ ತಾಗಲಿಲ್ಲ. ಅವಳ ಭಾರ ಮಾತ್ರ ಒಳಗೆ, ಆ ಕೀಲಿನವರೆಗೆ ಗೊತ್ತಾಯಿತು. ಅದು ಅಳ್ಳಾಡದೆ ಹೊತ್ತುಕೊಂಡಿತು. ನಾನು ಬಗ್ಗಿ ನೋಡಿದೆ, ಅವಳು ಮೇಲಕ್ಕೆ ನೋಡಿದಳು.